ಮಂಡಿ ಪೆಟ್ಟು ಮತ್ತು ಮಾಸದ ನೋವು

ಥಾಣೆಯ ಮಾಜಿವಾಡಾದಲ್ಲಿ ಘೋಡ್‌ಬಂದರ್ ರಸ್ತೆ ಮುಂಬೈ–ನಾಸಿಕ್ ಹೆದ್ದಾರಿಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಅಲ್ಲಿ ಸ್ಕೂಟರ್ ಗುಂಡಿಗಿಳಿದು ಸವಾರ ಥಟ್ಟನೆ ಕಾಲೂರಿದರೆ ಮಂಡಿ ತಿರುಚಿ ಎಸಿಎಲ್ ಅಸ್ಥಿರಜ್ಜು ಅಥವಾ ಮೆನಿಸ್ಕಸ್ ಎಂಬ ಮೃದ್ವಸ್ಥಿ ಹರಿಯಬಹುದು. ಊತ ಇಳಿದ ಮೇಲೂ ಕೆಲವರಿಗೆ ನೋವು ಬಿಡದು.

ಮೂರು ತಿಂಗಳು ಮೀರಿ ಉಳಿಯುವ ಅಥವಾ ಮರುಕಳಿಸುವ ನೋವು ದೀರ್ಘಕಾಲಿಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ತಂದ ಐಸಿಡಿ-11 ರೋಗ ವರ್ಗೀಕರಣದಲ್ಲಿ ಇದರ ಸಂಕೇತ ಎಂಜಿ30.

ಪರೀಕ್ಷೆಗೆ ಓದುವ ಅಭ್ಯರ್ಥಿಗಳು ಎಡವುವುದು ಈ ನೋವಿನ ಕಾರಣಗಳಲ್ಲಿ. ಎಕ್ಸ್-ರೇಯಲ್ಲಿ ಕಂಡ ಹಾನಿಗೂ ನೋವಿನ ತೀವ್ರತೆಗೂ ನೇರ ಲೆಕ್ಕವಿಲ್ಲ. ಪೆಟ್ಟಾದ ಮೊದಲ ದಿನಗಳ ತೀವ್ರ ನೋವು, ಹಿಂದಿನಿಂದಲೇ ಇರುವ ನೋವು, ನಿದ್ರಾಹೀನತೆ, ಖಿನ್ನತೆ, ಅಧಿಕ ತೂಕ ಅಪಾಯ ಹೆಚ್ಚಿಸುತ್ತವೆ. ‘ಕಾಲು ಮಡಚಿದರೆ ಮತ್ತೆ ಹಾಳಾದೀತು’ ಎಂಬ ಭಯವನ್ನು ಬಹಳ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನಗದು ಮುಖ್ಯ ಅನ್ನಿಸುತ್ತದೆ. ಭಯದಿಂದ ಓಡಾಟ ನಿಂತರೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಸೊರಗುತ್ತದೆ, ಮಂಡಿಗೆ ಆಸರೆ ತಪ್ಪುತ್ತದೆ.

ಮಿದುಳು ಮತ್ತು ಬೆನ್ನುಹುರಿಯ ನರಗಳು ಅತಿಸೂಕ್ಷ್ಮವಾಗಿ, ಸಣ್ಣ ಸ್ಪರ್ಶವನ್ನೂ ನೋವೆಂದು ಗ್ರಹಿಸುವುದಕ್ಕೆ ಕೇಂದ್ರೀಯ ಸಂವೇದನಾವೃದ್ಧಿ ಎನ್ನುತ್ತಾರೆ. ಇದಲ್ಲದೆ, ಎಸಿಎಲ್ ಹರಿದವರಿಗೆ, ಶಸ್ತ್ರಚಿಕಿತ್ಸೆಯಾದರೂ, ಮುಂದೆ ಮಂಡಿಯ ಸಂಧಿವಾತದ ಅಪಾಯ ಹೆಚ್ಚು.