ರಾತ್ರಿ ಹತ್ತರ ಮೇಲೆ ಮನೆ ನೋಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ, ಶಾಲಾ ಶಿಕ್ಷಕಿ. ಊರು ಸಾಗರದ ಹತ್ತಿರದ ಹಳ್ಳಿ. ಎರಡು ವರ್ಷದಿಂದ ಬೆಂಗಳೂರಿನಲ್ಲಿ ರಿಂಗ್ ರೋಡಿಗೆ ಮುಖ ಮಾಡಿದ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ರಾತ್ರಿಯಿಡೀ ಲಾರಿಗಳ ಸದ್ದು. ಮೊದಮೊದಲು ಎಚ್ಚರವಾಗುತ್ತಿತ್ತು, ಈಗ ಅಷ್ಟಾಗಿ ಆಗುವುದಿಲ್ಲ. ಆದರೂ ಬೆಳಿಗ್ಗೆ ಮೈ ಜಡ, ತಲೆ ಭಾರ. ತರಗತಿಯಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಹೋದ ತಿಂಗಳು ಬಿ.ಪಿ. 146/94 ಬಂತು. ನಮ್ಮ ಯಜಮಾನರು ‘ಎಲ್ಲ ರೂಢಿಯಾಗುತ್ತೆ ಬಿಡು’ ಅನ್ನುತ್ತಾರೆ. ಎರಡು ತಿಂಗಳಲ್ಲಿ ಮನೆಯ ಕರಾರು ಮುಗಿಯುತ್ತದೆ. ಗದ್ದಲಕ್ಕೂ ಬಿ.ಪಿ.ಗೂ ನಂಟಿದೆಯೇ? ಮನೆ ಬದಲಿಸುವುದಾದರೆ ಏನು ನೋಡಬೇಕು?
– ಹೆಸರು ಬೇಡ, ಬೆಂಗಳೂರು

ಉತ್ತರ: ನಂಟಿದೆ. ನಿಮ್ಮ ಯಜಮಾನರ ಮಾತು ಅರ್ಧ ಮಾತ್ರ ನಿಜ. ದಿನ ಕಳೆದಂತೆ ಎಚ್ಚರವಾಗುವುದು ಕಡಿಮೆಯಾಗುತ್ತದೆ, ಹೌದು. ಆದರೆ ಕಣ್ಣಿಗಿರುವ ಹಾಗೆ ಕಿವಿಗೆ ರೆಪ್ಪೆಯಿಲ್ಲ. ನೀವು ಮಲಗಿದ ಮೇಲೂ ಅದು ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಲಾರಿಯೊಂದು ಹಾದಾಗ ನಿಮಗೆ ಗೊತ್ತೇ ಆಗದಂತೆ ನಾಡಿಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಗಾಢ ನಿದ್ದೆ ತೆಳುವಾಗುತ್ತದೆ. ಆರೋಗ್ಯವಂತರಲ್ಲಿ ರಾತ್ರಿ ರಕ್ತದೊತ್ತಡ ಹಗಲಿಗಿಂತ ಶೇಕಡಾ ಹತ್ತರಿಂದ ಇಪ್ಪತ್ತರಷ್ಟು ಇಳಿಯಬೇಕು. ಹೃದಯಕ್ಕೆ ಸಿಗುವ ಬಿಡುವು ಅದೇ. ಯುರೋಪಿನ ವಿಮಾನ ನಿಲ್ದಾಣಗಳ ಸುತ್ತ ವಾಸಿಸುವವರಿಗೆ ಮಲಗಿರುವಾಗಲೇ ಬಿ.ಪಿ. ಯಂತ್ರ ಕಟ್ಟಿ ನೋಡಿದ್ದಾರೆ. ವಿಮಾನ ಹಾರಿದಾಗ ನಿದ್ದೆ ಕೆಡದವರಲ್ಲೂ ಒತ್ತಡ ಏರಿತ್ತು. ನಿದ್ದೆಗಣ್ಣಿಗೆ ಸದ್ದು ರೂಢಿಯಾದರೂ ಹೃದಯಕ್ಕೆ ಅಷ್ಟು ಸುಲಭವಾಗಿ ರೂಢಿಯಾಗುವುದಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಲಾರಿಯ ಮೇಲೆ ಹೊರಿಸಬೇಡಿ. ಒಂದು ಸಲ 146 ಬಂದ ಮಾತ್ರಕ್ಕೆ ರಕ್ತದೊತ್ತಡದ ಕಾಯಿಲೆ ಎಂದು ಹೇಳಲಾಗದು. ತೋಳಿಗೆ ಕಟ್ಟುವ ಬಿ.ಪಿ. ಯಂತ್ರ ತಂದು ಏಳು ದಿನ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದಿಡಿ. ಐದು ನಿಮಿಷ ಸುಮ್ಮನೆ ಕುಳಿತ ಮೇಲೆಯೇ ನೋಡಬೇಕು. ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ 135/85 ಮುಟ್ಟಿದರೆ ವೈದ್ಯರನ್ನು ಕಾಣಿ. ಥೈರಾಯ್ಡ್, ರಕ್ತಹೀನತೆ, ಊಟದಲ್ಲಿ ಉಪ್ಪು, ಮಲಗಿದಾಗ ಗೊರಕೆ ಇದೆಯೇ, ಇವನ್ನೂ ಅವರು ವಿಚಾರಿಸಲಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ಮಾತ್ರ ನೀವಾಗಿಯೇ ತರಬೇಡಿ.

ಇನ್ನು ಮನೆಯ ವಿಷಯ. ನಾನು ವೈದ್ಯ, ಬ್ರೋಕರ್ ಅಲ್ಲ. ಆದರೂ ನಿದ್ದೆಗೆಟ್ಟು ಬರುವವರಿಗೆ ಮಾತ್ರೆಗಿಂತ ಮೊದಲು ಮಲಗುವ ಕೋಣೆ ಯಾವ ಕಡೆಗಿದೆ ಎಂದು ಕೇಳುವುದು ನನಗೆ ಅಭ್ಯಾಸವಾಗಿದೆ. ನಾವೆಲ್ಲ ಮಾಡುವ ದೊಡ್ಡ ತಪ್ಪು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆ ನೋಡಿ ಅಡ್ವಾನ್ಸ್ ಕೊಟ್ಟುಬಿಡುವುದು. ಭಾನುವಾರ ಹನ್ನೊಂದಕ್ಕೆ ಬೆಂಗಳೂರಿನ ಯಾವ ರಸ್ತೆಯೂ ಸಭ್ಯವಾಗಿಯೇ ಇರುತ್ತದೆ. ಹಗಲಲ್ಲಿ ಹಲವು ಹೊತ್ತು ನಗರದೊಳಗೆ ಬಿಡದ ಭಾರೀ ವಾಹನಗಳು ರಾತ್ರಿ ಹತ್ತರ ಮೇಲೆ ಬರುತ್ತವೆ. ಆದ್ದರಿಂದ ಮನೆ ಹಿಡಿಸಿದರೆ ವಾರದ ಮಧ್ಯೆ ಒಂದು ರಾತ್ರಿ ಹತ್ತೂವರೆಗೆ, ಇನ್ನೊಂದು ದಿನ ನಸುಕಿನ ಐದೂವರೆಗೆ ಹೋಗಿ. ಮಾಲೀಕರು ಗೊಣಗಿದರೂ ಬೇಸರಿಸಬೇಡಿ, ಮಲಗುವವರು ನೀವು.

ಹತ್ತು ವರ್ಷದ ಹಿಂದೆ ನಾನೇ ಹೀಗೆ ಮೋಸ ಹೋಗುವುದರಲ್ಲಿದ್ದೆ. ಬೆಳಕು, ಗಾಳಿ, ಮುಂದೆ ಹೊಂಗೆ ಮರ, ಎಲ್ಲ ಚೆನ್ನಾಗಿತ್ತು. ರಾತ್ರಿ ಮತ್ತೊಮ್ಮೆ ಹೋದಾಗ ಮಾಲೀಕರ ಮನೆಯವರು ನೀರು ಕೊಟ್ಟರು. ಕುಡಿದು ಲೋಟವನ್ನು ಕಿಟಕಿ ಕಟ್ಟೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಕಿಣಿಕಿಣಿ ಎನ್ನತೊಡಗಿತು. ಗೋಡೆಗೆ ಅಂಗೈ ಒತ್ತಿದರೆ ಸಣ್ಣ ನಡುಕ. ಮಲಗುವ ಕೋಣೆಯ ಸರಿಯಾಗಿ ಕೆಳಗೆ ಸಂಪು, ಅದರ ಪಕ್ಕ ಮೋಟಾರು. ನಾಲ್ಕು ಮನೆಗೆ ನೀರೇರಿಸಲು ರಾತ್ರಿ ಒಂದು ಸಲ, ನಸುಕಿನಲ್ಲಿ ಒಂದು ಸಲ ಅದು ಓಡುತ್ತಿತ್ತು. ಗೋಡೆಯ ಮೂಲಕ ಬರುವ ಇಂಥ ಗುಂಯ್‌ಗುಡುವ ಸದ್ದನ್ನು ಕಿಟಕಿ ಮುಚ್ಚಿ ತಡೆಯಲಾಗದು. ಮೋಟಾರು, ಲಿಫ್ಟು, ಜನರೇಟರು ಎಲ್ಲಿವೆ ಎಂದು ಬಾಯಿಬಿಟ್ಟು ಕೇಳಿ.

ಇಡೀ ಮನೆ ನಿಶ್ಶಬ್ದವಾಗಿರಬೇಕೆಂದು ಹಟ ಹಿಡಿದರೆ ನಿಮ್ಮ ಸಂಬಳದಲ್ಲಿ ಮನೆ ಸಿಗದು. ಒಂದು ಕೋಣೆ ಸಾಕು. ಕಟ್ಟಡದ ಹಿಂಬದಿಗೆ ತೆರೆಯುವ ಕೋಣೆಗೆ ಇಡೀ ಕಟ್ಟಡವೇ ಗೋಡೆಯಾಗಿ ನಿಲ್ಲುತ್ತದೆ. ರಸ್ತೆ ಬದಿಯ ಕೋಣೆಗಿಂತ ಅಲ್ಲಿ ಹತ್ತು ಡೆಸಿಬೆಲ್ ಕಡಿಮೆಯಿರುವುದು ಸಾಮಾನ್ಯ, ಮತ್ತು ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧಕ್ಕಿಳಿದಂತೆ. ಪ್ಲೇಗಿನ ಕಾಲದಲ್ಲಿ, ಅಂದರೆ 1898ರ ಸುಮಾರಿಗೆ, ಜನರ ಆರೋಗ್ಯ ನೋಡಿಯೇ ಬೆಳೆಸಿದ ಮಲ್ಲೇಶ್ವರದಲ್ಲಿ ಸಾಲುಮನೆಗಳ ಹಿಂದೆ ಕಸ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳಿವೆ. ಅತ್ತ ತೆರೆಯುವ ಕೋಣೆಯಲ್ಲಿ ಈಗಲೂ ನಿದ್ದೆ ಬರುತ್ತದೆ. ಮೇನ್ ರೋಡಿನ ಮೇಲಿರುವ ಮನೆಗಿಂತ ಕ್ರಾಸಿನ ಒಳಗಿನ ನಾಲ್ಕನೆಯ ಮನೆ ಎಷ್ಟೋ ಮೇಲು. ಮುಂದಿನ ಸಾಲಿನ ಅಂಗಡಿಗಳು ಸದ್ದನ್ನು ತಡೆಯುತ್ತವೆ. ಗೇಟಿನ ಎದುರು ಹಂಪ್ ಇದ್ದರೆ ಮಾತ್ರ ಬೇಡ. ಖಾಲಿ ಲಾರಿ ಹಂಪ್ ಹಾರಿದಾಗ ಡಬ್ಬ ಒದ್ದಂತೆ ಬಡಿದುಕೊಳ್ಳುತ್ತದೆ. ‘ಎಂಟನೇ ಮಹಡಿಗೆ ಸದ್ದು ಬರಲ್ಲ’ ಎಂಬುದನ್ನೂ ನಂಬಬೇಡಿ, ಎದುರಿಗೆ ಅಡ್ಡವಿಲ್ಲದಿದ್ದರೆ ಸದ್ದು ಮೇಲಕ್ಕೂ ಬರುತ್ತದೆ.

ಪಕ್ಕದಲ್ಲಿ ಗಿಡಗಂಟಿ ಬೆಳೆದ ಖಾಲಿ ಸೈಟು ಕಂಡರೆ ಊರಿನ ನೆನಪಾಗಿ ಸಂತೋಷವಾಗಬಹುದು. ಆದರೆ ವಿಚಾರಿಸದೆ ಕರಾರಿಗೆ ಸಹಿ ಹಾಕಬೇಡಿ. ಹನ್ನೊಂದು ತಿಂಗಳ ಕರಾರು ಮುಗಿಯುವ ಮೊದಲೇ ಅಲ್ಲಿ ಬೋರ್‌ವೆಲ್ ಲಾರಿ, ಆಮೇಲೆ ಗ್ರಾನೈಟ್ ಕತ್ತರಿಸುವ ಯಂತ್ರ ಬರಬಹುದು. ಬೀಗ ಹಾಕಿದ ಹಳೇ ಮನೆಯೂ ಅಷ್ಟೇ. ಕಲ್ಯಾಣ ಮಂಟಪ ಎಷ್ಟು ದೂರ, ಹಬ್ಬದ ಶಾಮಿಯಾನ ಯಾವ ಮೂಲೆಯಲ್ಲಿ ಹಾಕುತ್ತಾರೆ ಎಂಬುದನ್ನು ಮಾಲೀಕರಿಗಿಂತ ಬೀದಿಯ ಇಸ್ತ್ರಿ ಅಂಗಡಿಯವರು ಸರಿಯಾಗಿ ಹೇಳುತ್ತಾರೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಆ ಹೊತ್ತಿನಲ್ಲಿ ವಸತಿ ಬೀದಿಯಲ್ಲಿ ಹಾರ್ನ್ ಬಾರಿಸುವಂತಿಲ್ಲ, ಸದ್ದು ಮಾಡುವ ಕಟ್ಟಡದ ಯಂತ್ರಗಳನ್ನೂ ಓಡಿಸುವಂತಿಲ್ಲ. ಮೀರಿದರೆ 112ಕ್ಕೆ ಕರೆ ಮಾಡಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಫೋನಿನ ಡೆಸಿಬೆಲ್ ಆಪ್ ಕರಾರುವಾಕ್ಕಲ್ಲ, ಆದರೆ ಎರಡು ಮನೆಗಳನ್ನು ಹೋಲಿಸಲು ಸಾಕು.

ಹೊಸ ಮನೆ ಸಿಗುವವರೆಗೆ ಹಾಸಿಗೆಯನ್ನು ಹಿಂದಿನ ಕೋಣೆಗೆ ಎಳೆದುಕೊಳ್ಳಿ, ಅಲ್ಲಿ ಸಾಮಾನು ತುಂಬಿದ್ದರೆ ಸಾಮಾನನ್ನು ಮುಂದಿನ ಕೋಣೆಗೆ ಹಾಕಿ. ಸದ್ದು ನುಸುಳುವುದು ಸಂದುಗಳಲ್ಲಿ. ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಪಟ್ಟಿಯನ್ನು ಕಿಟಕಿ ಬಾಗಿಲ ಅಂಚಿಗೆ ಅಂಟಿಸಿ. ದಪ್ಪ ಪರದೆ, ಗೋಡೆಗೆ ಮೊಟ್ಟೆ ಟ್ರೇ, ಇವಕ್ಕೆ ದುಡ್ಡು ಹಾಕಬೇಡಿ, ಹೊರಗಿನ ಸದ್ದು ಅದರಿಂದ ನಿಲ್ಲದು. ಕಿವಿಗೆ ಹತ್ತಿಗಿಂತ ಫೋಮ್ ಇಯರ್‌ಪ್ಲಗ್ ಒಳ್ಳೆಯದು. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕಿವಿ ಸೋರುವವರು, ಕಿವಿತಮಟೆ ತೂತಾದವರು ಇಡಬಾರದು.

ಪ್ರಶ್ನೆ: ನನಗೆ 61 ವರ್ಷ. ಪೀಣ್ಯದಲ್ಲಿ ಮೂವತ್ತು ವರ್ಷ ಪ್ರೆಸ್ ಶಾಪಿನಲ್ಲಿ ದುಡಿದು ನಿವೃತ್ತನಾದೆ. ಈಗ ಮೈಸೂರಿನ ಹೊರವಲಯದಲ್ಲಿ ಬಹಳ ಪ್ರಶಾಂತವಾದ ಬಾಡಿಗೆ ಮನೆ. ಆದರೆ ರಾತ್ರಿ ಮಲಗಿದರೆ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ. ಮನೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಈ ಜಾಗವೇ ಸರಿಯಿಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಜಾಗ ಚೆನ್ನಾಗಿಯೇ ಇದೆ, ಬಿಡಬೇಡಿ. ಆ ಸದ್ದು ನಿಮ್ಮ ಜೊತೆ ಪೀಣ್ಯದಿಂದಲೇ ಬಂದಿರಬೇಕು. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಆಗ ಮೆದುಳು ತಾನೇ ಒಂದು ಸದ್ದು ಕಟ್ಟಿಕೊಳ್ಳುತ್ತದೆ. ಬೆಂಗಳೂರಿನ ಗದ್ದಲ ಅದನ್ನು ಮುಚ್ಚಿತ್ತು, ಮೈಸೂರಿನ ಮೌನದಲ್ಲಿ ಕೇಳತೊಡಗಿದೆ. ಕಿವಿ ತಜ್ಞರಲ್ಲಿ ಆಡಿಯೋಗ್ರಾಮ್ ಮಾಡಿಸಿ. ಕೇಳುವಿಕೆ ಕುಗ್ಗಿದ್ದರೆ ಶ್ರವಣಯಂತ್ರದಿಂದ ಈ ಸದ್ದೂ ಅನೇಕರಿಗೆ ತಗ್ಗುತ್ತದೆ. ಮೈಸೂರಿನಲ್ಲೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೂರದೂರದಿಂದ ಜನ ಬರುತ್ತಾರೆ, ನಿಮಗದು ಪಕ್ಕದಲ್ಲೇ ಇದೆ. ಮಲಗುವಾಗ ಫ್ಯಾನು ಅಥವಾ ಮೆಲುದನಿಯ ರೇಡಿಯೊ ಹಾಕಿಕೊಳ್ಳಿ, ನಿಮಗೆ ಪೂರ್ತಿ ಮೌನ ಬೇಡ. ಒಂದೇ ಕಿವಿಯಲ್ಲಿ ಸದ್ದು ಬಂದರೆ, ನಾಡಿಯ ಜೊತೆ ಬಡಿದರೆ, ತಲೆ ಸುತ್ತಿದರೆ ತಡಮಾಡದೆ ತೋರಿಸಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಂತಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗುತ್ತೇನೆ. ಪಿ.ಜಿ.ಯಲ್ಲಿ ಆ ಹೊತ್ತಿಗೇ ಕಸದ ಆಟೊ ಹಾಡು, ತರಕಾರಿ ಗಾಡಿಯ ಮೈಕು. ಏನು ಮಾಡಲಿ?
– 25ರ ಯುವಕ, ಬೆಂಗಳೂರು

ಉತ್ತರ: ಮೇಲೆ ಹೇಳಿದ ರಾತ್ರಿಯ ಪರೀಕ್ಷೆ ನಿಮಗೆ ಉಪಯೋಗಕ್ಕೆ ಬಾರದು, ನೀವು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕೋಣೆ ನೋಡಿ. ಶಾಲೆಯ ಮೈದಾನ, ಅಡುಗೆಮನೆ, ಮೆಟ್ಟಿಲು ಇವುಗಳಿಂದ ದೂರದ, ಬೀದಿಗೆ ಕಿಟಕಿಯಿಲ್ಲದ ಕೋಣೆ ಕೇಳಿ. ನಿಮ್ಮ ಹಾಗೆಯೇ ರಾತ್ರಿ ದುಡಿಯುವವರನ್ನು ರೂಮ್‌ಮೇಟ್ ಮಾಡಿಕೊಳ್ಳಿ. ಕಿಟಕಿಗೆ ಕಪ್ಪು ಪರದೆ, ಕಿವಿಗೆ ಪ್ಲಗ್, ತಲೆಯ ಮೇಲೆ ಫ್ಯಾನು ಇರಲಿ. ಶಿಫ್ಟಿನ ಕೊನೆಯ ಐದಾರು ಗಂಟೆ ಕಾಫಿ ಬೇಡ. ಇಷ್ಟಾದ ಮೇಲೂ ಮೂರು ತಿಂಗಳು ನಿದ್ದೆ ಕೂಡದಿದ್ದರೆ ಶಿಫ್ಟ್ ಬದಲಿಸಲು ವೈದ್ಯರ ಪತ್ರ ಪಡೆದು ಕಚೇರಿಯಲ್ಲಿ ಕೇಳಿ.