ಮನೆಯ ಫ್ರಿಜ್ಜಿಗೆ ಅರ್ಥಿಂಗ್

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಸಿದ್ದಾಪುರದ ಸುತ್ತಮುತ್ತ ಈಗ ಅನೇಕ ರೈತರ ಮನೆಗಳಲ್ಲಿ ಫ್ರಿಜ್ ಇದೆ. ಅದನ್ನು ಕೊಂಡವರು ಮೊದಲು ಗಮನಿಸಬೇಕಾದುದು ಅರ್ಥಿಂಗ್.

ಫ್ರಿಜ್ಜಿನ ಹೊರಮೈ ತಗಡಿನದು. ಒಳಗಿನ ತಂತಿಯ ಹೊದಿಕೆ ಸವೆದು ತಗಡಿಗೆ ತಾಗಿದರೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಹಿಡಿದವರ ಮೈಮೂಲಕ ವಿದ್ಯುತ್ ಹರಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ತಂತಿಯ ಮೂಲಕ ಹೋಗಿ ಫ್ಯೂಜ್ ಹಾರುತ್ತದೆ. ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ದಪ್ಪನೆಯದು ಇದಕ್ಕಾಗಿಯೇ ಇದೆ. ಸಾಕೆಟ್ಟಿಗೆ ಹೊಂದದೆಂದು ಅದನ್ನೇ ಕತ್ತರಿಸುವುದು ಶುದ್ಧ ಅವಿವೇಕ! ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗದಂತೆ ನೀರು ಹಾಕುತ್ತಿರಿ. ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚನ್ನೂ ಎಲೆಕ್ಟ್ರಿಷಿಯನ್ನರಿಂದ ಹಾಕಿಸುವುದು ಒಳ್ಳೆಯದು. ಸ್ಟೆಬಿಲೈಸರ್ ಇದೆಯಲ್ಲ ಎನ್ನಬೇಡಿ. ವೋಲ್ಟೇಜ್ ಏರಿಳಿತದಿಂದ ಅದು ಕಂಪ್ರೆಸರನ್ನು ಕಾಪಾಡುತ್ತದೆ, ಅಷ್ಟೇ.

ಫ್ರಿಜ್ಜನ್ನು ಗೋಡೆಯಿಂದ ಅರ್ಧ ಗೇಣು ದೂರ, ಒಲೆಯಿಂದ ಇನ್ನೂ ದೂರ ಇಡಿರಿ. ತೊಳೆಯುವ ಮೊದಲು ಪ್ಲಗ್ ಕೀಳಿರಿ. ಮಂಜುಗಡ್ಡೆಯನ್ನು ಚಾಕುವಿನಿಂದ ಕೆರೆಯಬೇಡಿ. ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು 4 ತಾಸು ತಂಪು ಉಳಿಯುತ್ತದೆ. ಅದಕ್ಕೂ ಹೆಚ್ಚಾದರೆ ಹಾಲು, ಮಾಂಸ, ಉಳಿದ ಅನ್ನವನ್ನು ಚೆಲ್ಲಿರಿ.

ಭತ್ತಕ್ಕೆ ಹೊಡೆದು ಉಳಿದ ಕೀಟನಾಶಕವನ್ನು, ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ಫ್ರಿಜ್ಜಿನಲ್ಲಿ ಇಡಲೇಬೇಡಿ. ಅದು ಅಡುಗೆಮನೆಯ ಹೊರಗೆ, ಬೀಗದೊಳಗೆ ಇರಲಿ.