ದಂಡ ಕಟ್ಟಿದರೆ ಮುಗಿಯಿತೇ?

ವಿದೇಶದಲ್ಲಿ ವೇಗದ ತಪ್ಪಿಗೆ ಲೈಸೆನ್ಸ್ ಕಳೆದುಕೊಂಡವರಿಗೂ ಅವರ ಮನೆಯವರಿಗೂ ಒಂದು ಪಾಠ



ಜಕ್ಕೂರು, ಯಲಹಂಕ, ಹೆಬ್ಬಾಳದ ಕಡೆಯ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಮಗನೋ ಮಗಳೋ ಅಳಿಯನೋ ಹೊರದೇಶದಲ್ಲಿರುವ ಮನೆಗಳು ಅನೇಕ. ಹೊರಡುವವರು ಪೆಟ್ಟಿಗೆ ತುಂಬುವಾಗ ಜಪಸರ, ಉಪ್ಪಿನಕಾಯಿ, ಸರ್ಟಿಫಿಕೇಟುಗಳ ಜೊತೆಗೆ ಡ್ರೈವಿಂಗ್ ಲೈಸೆನ್ಸನ್ನೂ ಮರೆಯದೆ ಇಟ್ಟುಕೊಳ್ಳುತ್ತಾರೆ. ಕೆಲಕಾಲದ ನಂತರ ಅಂಥ ಒಂದು ಮನೆಗೆ ಫೋನ್ ಬರುತ್ತದೆ ಎಂದುಕೊಳ್ಳಿ: "ಅಮ್ಮಾ, ಸ್ಪೀಡಾಗಿ ಓಡಿಸಿದೆ ಅಂತ ನನ್ನ ಲೈಸೆನ್ಸ್ ತೆಗೆದುಬಿಟ್ಟರು." ಆಗ ಮನೆಯಿಂದ ಹೋಗುವ ಉತ್ತರ ಸಾಮಾನ್ಯವಾಗಿ ಒಂದೇ: "ಯಾರಿಗೂ ಏನೂ ಆಗಿಲ್ಲ ತಾನೇ? ದಂಡ ಕಟ್ಟಿಬಿಡು ಮಗಾ, ಮುಗಿಯಿತು."

ನಿಜವಾಗಿ ಮುಗಿಯಿತೇ? ವಿಶ್ವಾಸಿಗಳಾದ ನಾವು ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕಾಗಿದೆ.

ಅಲ್ಲಿಯ ಕಾನೂನು

ಮೊದಲು ವಿಷಯ ತಿಳಿದುಕೊಳ್ಳೋಣ. ಇಂಗ್ಲೆಂಡಿನಲ್ಲಿ ನೆಲೆಸಿದವರು ಭಾರತದ ಲೈಸೆನ್ಸಿನಿಂದ ಒಂದು ವರ್ಷ ಮಾತ್ರ ಗಾಡಿ ಓಡಿಸಬಹುದು. ಆಮೇಲೆ ಅಲ್ಲಿಯ ಪರೀಕ್ಷೆಯನ್ನು ಪಾಸು ಮಾಡಲೇಬೇಕು. ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದವನೂ ಅಲ್ಲಿ ಹೊಸ ಚಾಲಕನೇ. ವೇಗಮಿತಿ ಮೀರಿದರೆ ಕನಿಷ್ಠ 100 ಪೌಂಡ್ ದಂಡ, ಲೈಸೆನ್ಸಿನ ಮೇಲೆ 3 ಅಂಕ. ಪರೀಕ್ಷೆ ಪಾಸಾದ ಎರಡು ವರ್ಷದೊಳಗೆ 6 ಅಂಕ ಸೇರಿದರೆ ಲೈಸೆನ್ಸೇ ರದ್ದು. ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕು. ಅಂದರೆ ಕ್ಯಾಮೆರಾಕ್ಕೆ ಎರಡು ಸಲ ಸಿಕ್ಕಿಬಿದ್ದರೆ ಸಾಕು. ಹಳೆಯ ಚಾಲಕರಿಗೆ ಮೂರು ವರ್ಷದಲ್ಲಿ 12 ಅಂಕವಾದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ನಿಷೇಧ.

ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2017ರಲ್ಲಿ ಜಾರಿಗೆ ಬಂದ ಪಟ್ಟಿಯ ಪ್ರಕಾರ ಮಿತಿಗಿಂತ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು ಓಡಿಸಿದರೆ 2,000 ದಿರ್ಹಮ್ ದಂಡ, 12 ಕಪ್ಪು ಅಂಕ, ಗಾಡಿ 30 ದಿನ ಜಪ್ತಿ. 24 ಕಪ್ಪು ಅಂಕಗಳಾದರೆ ಮೊದಲ ಸಲ ಮೂರು ತಿಂಗಳು ಲೈಸೆನ್ಸ್ ಇಲ್ಲ.

"ನನ್ನದು ಇಂಡಿಯಾದ ಲೈಸೆನ್ಸ್, ಅವರೇನು ಮಾಡಿಯಾರು?" ಎಂದು ಕೆಲವರು ಧೈರ್ಯ ಹೇಳುವುದುಂಟು. ನಮ್ಮ ಆರ್.ಟಿ.ಓ. ಕಚೇರಿಯಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷದ್ದು. ಅದರ ಹಿಂದೆ ಇರುವುದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದ. ಗಂಭೀರ ತಪ್ಪು ಮಾಡಿದ ಪರದೇಶಿ ಚಾಲಕನ ಪರವಾನಗಿಯನ್ನು ತೆಗೆದುಕೊಂಡು, ಆತ ದೇಶ ಬಿಡುವವರೆಗೆ ಇಟ್ಟುಕೊಳ್ಳುವ, ಅದನ್ನು ಕೊಟ್ಟ ಕಚೇರಿಗೆ ಆತನ ಹೆಸರು ವಿಳಾಸ ತಿಳಿಸುವ ಅಧಿಕಾರವನ್ನು ಆ ಒಪ್ಪಂದವೇ ಕೊಟ್ಟಿದೆ. ಪರದೇಶದ ರಸ್ತೆ ನಮ್ಮ ಹಕ್ಕಲ್ಲ; ಅದು ನಮ್ಮ ಮೇಲೆ ಇಟ್ಟ ನಂಬಿಕೆ.

ಅಭ್ಯಾಸ ಎಲ್ಲಿಂದ ಬಂತು?

ಮಕ್ಕಳು ವಿಮಾನದಲ್ಲಿ ಹೊಸ ದೇಶಕ್ಕೆ ಹೋಗುತ್ತಾರೆ, ಅಭ್ಯಾಸವೂ ಜೊತೆಗೇ ಹೋಗುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಬಳ್ಳಾರಿ ರಸ್ತೆ ಏನಾಯಿತೆಂದು ಜಕ್ಕೂರಿನವರಿಗೆ ಹೇಳಬೇಕಾಗಿಲ್ಲ. 2014ರಲ್ಲಿ ಮೇಲ್ಸೇತುವೆಯೂ ಬಂತು. ಮೇಲೆ ಕಾರುಗಳು ಓಡುತ್ತವೆ. ಕೆಳಗೆ ಶಾಲೆಯ ಮಕ್ಕಳು, ಕೆರೆಯ ಕಡೆಗೆ ವಾಕಿಂಗ್ ಹೊರಟ ಹಿರಿಯರು ರಸ್ತೆ ದಾಟಲು ಕಾಯುತ್ತಾರೆ. ಕ್ಯಾಮೆರಾ ಇರುವಲ್ಲಿ ನಿಧಾನ, ಕ್ಯಾಮೆರಾ ದಾಟಿದ ಕೂಡಲೇ ಜೋರು: ಅಪ್ಪ ಹೀಗೆ ಓಡಿಸುವುದನ್ನು ಹಿಂದಿನ ಸೀಟಿನಲ್ಲಿ ಕೂತ ಮಗ ನೋಡುತ್ತಾನೆ. ಅವನು ಕಲಿಯುವುದು ಡ್ರೈವಿಂಗ್ ಒಂದನ್ನೇ ಅಲ್ಲ. ನಿಯಮ ಎಂದರೆ ಸಿಕ್ಕಿಬೀಳದಿರುವುದು ಎಂಬ ಪಾಠವನ್ನೂ ಕಲಿಯುತ್ತಾನೆ.

ಇದೇ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಆಕಾಶ ಎಷ್ಟೇ ಖಾಲಿಯಿದ್ದರೂ ವಿಮಾನ ಹಾರಿಸುವವನು ಎತ್ತರ, ವೇಗಗಳ ನಿಯಮವನ್ನು ಪಾಲಿಸಲೇಬೇಕು. ಅಲ್ಲಿ ಅದನ್ನು ಯಾರೂ ಹೇಡಿತನ ಎನ್ನುವುದಿಲ್ಲ, ವಿದ್ಯೆ ಎನ್ನುತ್ತಾರೆ. ರಸ್ತೆಗೆ ಬಂದಾಗ ಮಾತ್ರ ನಮ್ಮ ಅಳತೆಗೋಲು ಬದಲಾಗುವುದೇಕೆ?

ನಮ್ಮ ದೇಶದಲ್ಲೂ ಕಾನೂನು ಸಡಿಲವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, ವೇಗದ ತಪ್ಪನ್ನು ಎರಡನೆಯ ಸಲ ಮಾಡಿದವರ ಲೈಸೆನ್ಸನ್ನು ವಶಪಡಿಸಿಕೊಳ್ಳಬಹುದು. ಗಂಟೆಗೆ 130 ಕಿಲೋಮೀಟರ್ ಮೀರಿದರೆ ಎಫ್.ಐ.ಆರ್. ಹಾಕುವುದಾಗಿ ಕರ್ನಾಟಕ ಪೊಲೀಸರು 2024ರಲ್ಲಿ ಪ್ರಕಟಿಸಿದರು.

ಧರ್ಮಸಭೆಯ ಬೋಧನೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೆಲವು ಕಾನೂನುಗಳು ಕೇವಲ ದಂಡದ ಕಾನೂನುಗಳು, ಅವನ್ನು ಮುರಿದರೆ ಪಾಪವಿಲ್ಲ, ಸಿಕ್ಕಿಬಿದ್ದಾಗ ದಂಡ ಕಟ್ಟಿದರೆ ಸಾಕು ಎಂದು ಹಿಂದೆ ಕೆಲವು ನೀತಿಶಾಸ್ತ್ರಜ್ಞರು ವಾದಿಸುತ್ತಿದ್ದರು. "ದಂಡ ಕಟ್ಟಿಬಿಡು, ಮುಗಿಯಿತು" ಎಂಬ ನಮ್ಮ ಮಾತು ಅದೇ ವಾದ. ಆದರೆ ಸಂತ ಥಾಮಸ್ ಅಕ್ವಿನಾಸರ ಬೋಧನೆ ಬೇರೆ: ಸರ್ವರ ಹಿತಕ್ಕಾಗಿ ಮಾಡಿದ ನ್ಯಾಯವಾದ ಕಾನೂನು ಮನಸ್ಸಾಕ್ಷಿಯನ್ನೇ ಕಟ್ಟುತ್ತದೆ. ಅಧಿಕಾರಿಗಳಿಗೆ ವಿಧೇಯರಾಗುವುದು ಶಿಕ್ಷೆಯ ಭಯದಿಂದ ಮಾತ್ರವಲ್ಲ, ಮನಸ್ಸಾಕ್ಷಿಯ ನಿಮಿತ್ತವೂ ಹೌದೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ.

ಎರಡನೆಯ ವ್ಯಾಟಿಕನ್ ಮಹಾಸಭೆ ರಸ್ತೆಯ ವೇಗದ ಬಗ್ಗೆಯೂ ಮಾತಾಡಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತು 1965ರಲ್ಲಿ ಹೊರಡಿಸಿದ ಸಂವಿಧಾನದ 30ನೆಯ ಪರಿಚ್ಛೇದವು ವೇಗಮಿತಿಯ ಕಾನೂನನ್ನು ಹೆಸರಿಸಿಯೇ ಹೇಳುತ್ತದೆ: ಇದನ್ನು ಹಗುರವಾಗಿ ಕಾಣುವವರು ತಮ್ಮ ಪ್ರಾಣವನ್ನೂ ಪರರ ಪ್ರಾಣವನ್ನೂ ಅಪಾಯಕ್ಕೆ ಒಡ್ಡುತ್ತಾರೆ. 1992ರ ಧರ್ಮೋಪದೇಶ ಗ್ರಂಥವು 2290ನೆಯ ಸಂಖ್ಯೆಯಲ್ಲಿ, ಕೊಲೆಯನ್ನು ನಿಷೇಧಿಸುವ ಐದನೆಯ ಕಟ್ಟಳೆಯ ವಿವರಣೆಯೊಳಗೆ, ಕುಡಿತ ಮತ್ತು ವೇಗದ ಮೋಹ ಎರಡನ್ನೂ ಒಟ್ಟಿಗೆ ಹಿಡಿದು, ಅವುಗಳಿಂದ ಇತರರ ಸುರಕ್ಷತೆಗೆ ಕುತ್ತು ತರುವುದು ಘೋರ ಅಪರಾಧವೆಂದು ಬೋಧಿಸುತ್ತದೆ. ಕುಡಿದು ಗಾಡಿ ಓಡಿಸುವವನನ್ನು ನಾವು ಬಯ್ಯುತ್ತೇವೆ. ಕುಡಿಯದೆ ಜೋರಾಗಿ ಓಡಿಸುವವನನ್ನು "ಒಳ್ಳೆ ಡ್ರೈವರ್" ಎನ್ನುತ್ತೇವೆ. ಧರ್ಮಸಭೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. 2007ರಲ್ಲಿ ವ್ಯಾಟಿಕನ್ ಹೊರಡಿಸಿದ ರಸ್ತೆ ಪಾಲನೆಯ ಮಾರ್ಗದರ್ಶಿಯಲ್ಲಿ ಚಾಲಕರಿಗೆಂದೇ ಹತ್ತು ಕಟ್ಟಳೆಗಳಿವೆ. ಗಾಡಿಯನ್ನು ಅಧಿಕಾರದ ಪ್ರದರ್ಶನಕ್ಕೆ ಬಳಸಬಾರದು, ರಸ್ತೆಯಲ್ಲಿ ದುರ್ಬಲರನ್ನು ಕಾಪಾಡಬೇಕು ಎಂಬುವು ಅವುಗಳಲ್ಲಿ ಸೇರಿವೆ.

"ಯಾರಿಗೂ ಏನೂ ಆಗಿಲ್ಲವಲ್ಲ" ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಆ ದೂರದೊಳಗೆ ಯಾರೂ ಬರಲಿಲ್ಲ ಎಂಬುದು ಚಾಲಕನ ಪುಣ್ಯಕಾರ್ಯವಲ್ಲ, ದೇವರ ದಯೆ. ದಂಡವನ್ನು ಕಟ್ಟುವುದು ಸರ್ಕಾರಕ್ಕೆ; ಆದರೆ ನಾವು ಋಣಿಗಳಾಗಿರುವುದು ಆ ರಸ್ತೆಯಲ್ಲಿ ನಡೆದುಹೋಗುತ್ತಿದ್ದ, ನಮಗೆ ಹೆಸರೂ ಗೊತ್ತಿಲ್ಲದ ನೆರೆಯವನಿಗೆ. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸುಸ್ವಾಮಿ ಉತ್ತರ ಕೊಟ್ಟದ್ದೂ ಒಂದು ರಸ್ತೆಯ ಕಥೆಯಿಂದಲೇ ಅಲ್ಲವೇ? ಆ ಸಮಾರಿಯದವನು ತನ್ನ ಪ್ರಯಾಣವನ್ನು ನಿಲ್ಲಿಸಬಲ್ಲವನಾಗಿದ್ದನು.

ಮೊದಲ ತಪ್ಪಿಗಿಂತ ದೊಡ್ಡದು

ಲೈಸೆನ್ಸ್ ಹೋಗುವ ಭಯದಲ್ಲಿ ಮನುಷ್ಯ ಇನ್ನೂ ದೊಡ್ಡ ಗುಂಡಿಗೆ ಬೀಳುತ್ತಾನೆ. ಇಂಗ್ಲೆಂಡಿನಲ್ಲಿ ಕ್ಯಾಮೆರಾಕ್ಕೆ ಗಾಡಿ ಸಿಕ್ಕರೆ, ಓಡಿಸಿದವರು ಯಾರೆಂದು ಬರೆದು ತಿಳಿಸುವಂತೆ ಮಾಲೀಕರಿಗೆ ಪತ್ರ ಬರುತ್ತದೆ. "ಹೆಂಡತಿಯ ಹೆಸರು ಬರೆದರಾಯಿತು, ಅವಳ ಲೈಸೆನ್ಸಿನಲ್ಲಿ ಅಂಕವಿಲ್ಲ" ಎಂಬ ಆಲೋಚನೆ ಹುಟ್ಟುವುದು ಆಗಲೇ. ಅಲ್ಲಿಯ ಸಚಿವರಾಗಿದ್ದ ಕ್ರಿಸ್ ಹ್ಯೂನ್ ಅವರ ವಿಷಯದಲ್ಲಿ ಹೀಗೇ ಆಯಿತು. 2003ರ ವೇಗದ ತಪ್ಪಿನ ಅಂಕಗಳನ್ನು ಆಗ ಅವರ ಪತ್ನಿಯಾಗಿದ್ದವರು ತಮ್ಮ ಹೆಸರಿಗೆ ಹಾಕಿಸಿಕೊಂಡರು. ಹತ್ತು ವರ್ಷಗಳ ನಂತರ, 2013ರಲ್ಲಿ, ಇಬ್ಬರಿಗೂ ಎಂಟೆಂಟು ತಿಂಗಳ ಜೈಲುಶಿಕ್ಷೆಯಾಯಿತು. ಅಷ್ಟರಲ್ಲಿ ಸಚಿವ ಪದವಿ, ಪಾರ್ಲಿಮೆಂಟಿನ ಸ್ಥಾನ, ಸಂಸಾರ ಎಲ್ಲವೂ ಹೋಗಿದ್ದವು. ಆಸ್ಟ್ರೇಲಿಯಾದ ನಿವೃತ್ತ ನ್ಯಾಯಾಧೀಶ ಮಾರ್ಕಸ್ ಐನ್‌ಫೆಲ್ಡ್ ಅವರು 2006ರಲ್ಲಿ ಕೇವಲ 77 ಡಾಲರ್ ದಂಡ ತಪ್ಪಿಸಿಕೊಳ್ಳಲು, ಕಾರು ಓಡಿಸಿದ್ದು ತಮ್ಮ ಸ್ನೇಹಿತೆ ಎಂದರು. ಆಕೆ 2003ರಲ್ಲೇ ತೀರಿಕೊಂಡಿದ್ದರು. 2009ರಲ್ಲಿ ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಇಬ್ಬರೂ ಜೈಲಿಗೆ ಹೋದದ್ದು ವೇಗಕ್ಕಲ್ಲ, ಸುಳ್ಳಿಗೆ. ಐದನೆಯ ಕಟ್ಟಳೆಯ ತಪ್ಪನ್ನು ಎಂಟನೆಯ ಕಟ್ಟಳೆ ಮುರಿದು ಮುಚ್ಚಲಾಗದು. ಲೈಸೆನ್ಸ್ ಹೋದರೆ ಕೆಲವು ತಿಂಗಳಲ್ಲಿ ಮತ್ತೆ ಸಿಗುತ್ತದೆ. ಮಾತಿನ ನಂಬಿಕೆ ಹೋದರೆ ಮರಳಿ ಕಟ್ಟಲು ಒಂದು ಆಯುಷ್ಯವೂ ಸಾಲದಿರಬಹುದು.

ಕುಟುಂಬದವರು ಮಾಡಬೇಕಾದದ್ದು

1. ನಿಜ ಹೇಳಲು ದಾರಿ ಕೊಡಿ. ಫೋನಿನಲ್ಲಿ ಕೂಗಾಡಿದರೆ ಮಗ ಮುಂದಿನ ಸಲ ಮುಚ್ಚಿಡುತ್ತಾನೆ. ಕೆಲಸ ಕೊಟ್ಟವರಿಗೆ, ವಿಮೆಯವರಿಗೆ, ಕಟ್ಟಿಕೊಂಡವಳಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಲು ಅವನಿಗೆ ಧೈರ್ಯ ಹೇಳಿ.

2. ನಿಷೇಧದ ಅವಧಿಯಲ್ಲಿ ಗಾಡಿ ಮುಟ್ಟದಿರಲಿ. "ಹತ್ತಿರದ ಅಂಗಡಿಗೆ ತಾನೇ" ಎಂಬ ನೆಪವೂ ಬೇಡ. ನಿಷೇಧವಿದ್ದೂ ಓಡಿಸಿದರೆ ಇಂಗ್ಲೆಂಡಿನಲ್ಲಿ ಆರು ತಿಂಗಳವರೆಗೆ ಜೈಲಾಗಬಹುದು. ಅಪಘಾತವಾದರೆ ಪೆಟ್ಟು ತಿಂದವರಿಗೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡುವುದು?

3. ಹಣದ ಒತ್ತಡ ತಗ್ಗಿಸಿ. ಕೊಲ್ಲಿಯಲ್ಲಿ ಟ್ಯಾಕ್ಸಿ ಓಡಿಸುವ, ಬೈಕಿನಲ್ಲಿ ಊಟದ ಪೊಟ್ಟಣ ಮುಟ್ಟಿಸುವ ಹುಡುಗರಿಗೆ ಲೈಸೆನ್ಸೇ ಅನ್ನ. ಅವರ ಅವಸರಕ್ಕೆ ಕೆಲವೊಮ್ಮೆ ನಾವೇ ಕಾರಣ. ಮನೆ ಸಾಲದ ಕಂತು, ತಂಗಿಯ ಮದುವೆ, ಹಬ್ಬಕ್ಕೆ ಹೊಸ ಟಿ.ವಿ. ಎಂದು ತಿಂಗಳು ತಿಂಗಳು ಕೇಳುವವರು, ಆ ದುಡ್ಡು ಯಾವ ವೇಗದಲ್ಲಿ ಬರುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಒತ್ತಾಯದಲ್ಲಿ ಮಾಡಿದ ತಪ್ಪಿನ ಹೊಣೆ ಮಾಡಿದವನಿಗೆ ಕಡಿಮೆಯಾಗಬಹುದು. ಆಗ ಉಳಿದ ಪಾಲು ಒತ್ತಾಯ ಮಾಡಿದವರ ಮೇಲೆ ಬೀಳುತ್ತದೆ. ಅವಸರದ ಗಡುವು ಹಾಕುವ ಯಜಮಾನನಿಗೂ ಈ ಮಾತು ಸಲ್ಲುತ್ತದೆ. ಲೈಸೆನ್ಸ್ ಇಲ್ಲದ ಆ ಮೂರು ತಿಂಗಳು "ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ, ನೀನು ಸಮಾಧಾನವಾಗಿರು" ಎಂದು ಹೇಳುವ ಮನೆಯೇ ಕ್ರೈಸ್ತ ಮನೆ.

4. ಪಾಪನಿವೇದನೆಯಲ್ಲಿ ಇದನ್ನೂ ತನ್ನಿ. ವೇಗದ ಮೋಹವನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳುವ ರೂಢಿ ನಮ್ಮಲ್ಲಿಲ್ಲ, ಬೆಳೆಸಿಕೊಳ್ಳೋಣ. ಪರಿತಾಪ ಎಂದರೆ ಸಿಕ್ಕಿಬಿದ್ದದ್ದಕ್ಕೆ ಬೇಸರವಲ್ಲ. ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡಾಗ ಕಾನೂನು ಕೇಳುವುದಕ್ಕಿಂತ ಹೆಚ್ಚಾಗಿಯೇ ಹಿಂದಿರುಗಿಸಲು ಮುಂದಾದನು. ದಂಡ ಕಟ್ಟಿದವನು ಕಾನೂನಿಗೆ ತಲೆಬಾಗಿದ್ದಾನೆ; ಮನಸ್ಸು ತಿರುಗಿಸಿದವನು ಮುಂದೆ ಕ್ಯಾಮೆರಾ ಇಲ್ಲದ ರಸ್ತೆಯಲ್ಲೂ ನಿಧಾನವಾಗಿ ಹೋಗುತ್ತಾನೆ.

5. ಹೊಸ ಗಾಡಿಯ ಆಶೀರ್ವಾದದ ಅರ್ಥ ತಿಳಿಯಿರಿ. ಹೊಸ ಕಾರಿಗೆ ಹೂಹಾರ ಹಾಕಿ ದೇವಾಲಯದ ಮುಂದೆ ತಂದು ನಿಲ್ಲಿಸುತ್ತೀರಿ, ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಪದಕ ತೂಗುಹಾಕುತ್ತೀರಿ, ಒಳ್ಳೆಯದು. ಆದರೆ ಪವಿತ್ರ ಜಲ ಪ್ರೋಕ್ಷಿಸುವುದು ಒಳಗೆ ಕೂತವರ ರಕ್ಷಣೆಗಾಗಿ ಮಾತ್ರವಲ್ಲ, ಎದುರಿಗೆ ಬರುವವರ ರಕ್ಷಣೆಗಾಗಿ ಕೂಡ.

ಅರಸುಗಳ ಎರಡನೆಯ ಗ್ರಂಥದ 9ನೆಯ ಅಧ್ಯಾಯದಲ್ಲಿ ಯೇಹು ಎಂಬವನ ಕಥೆ ಬರುತ್ತದೆ. ದೂರದಲ್ಲಿ ರಥ ಕಂಡಾಗ, ಹುಚ್ಚನಂತೆ ಓಡಿಸುವ ರೀತಿಯಿಂದಲೇ ಕಾವಲುಗಾರನು ಇವನು ಯೇಹುವೇ ಎಂದು ಗುರುತಿಸಿದನು. ಗಾಡಿ ಓಡಿಸುವ ರೀತಿಯಿಂದ ಮನುಷ್ಯ ಯಾರೆಂದು ತಿಳಿಯುವುದು ಅಂದಿಗೂ ಇಂದಿಗೂ ನಿಜ. ದುಬೈಯಲ್ಲಿರಲಿ, ಲಂಡನ್ನಿನಲ್ಲಿರಲಿ, ಜಕ್ಕೂರಿನ ತಿರುವಿನಲ್ಲಿರಲಿ, ನಮ್ಮ ಮಕ್ಕಳನ್ನು ನೋಡಿದವರು ಇವರು ಕ್ರಿಸ್ತನವರು ಎಂದು ಗುರುತಿಸುವಂತಾಗಲಿ.

ಕುಟುಂಬ ಚಿಂತನೆಗೆ

— ನಮ್ಮ ಮನೆಯಲ್ಲಿ ನಿಯಮ ಪಾಲಿಸುವುದು ಪೊಲೀಸರ ಭಯಕ್ಕೋ, ನೆರೆಯವರ ಮೇಲಿನ ಪ್ರೀತಿಗೋ?

— ವಿದೇಶದಲ್ಲಿರುವ ನಮ್ಮವರು ಸೋತ ಸುದ್ದಿಯನ್ನೂ ನಮಗೆ ನಿರ್ಭಯವಾಗಿ ಹೇಳಬಲ್ಲರೇ?

— ಈ ತಿಂಗಳು ನಾವು ಅವರನ್ನು ಕೇಳಿದ ಹಣದಲ್ಲಿ ಕಾಯಬಹುದಾದದ್ದು ಯಾವುದು?

ಪ್ರಾರ್ಥನೆ: ಪ್ರಭುವೇ, ದೂರದ ದೇಶಗಳ ರಸ್ತೆಗಳಲ್ಲಿರುವ ನಮ್ಮ ಮಕ್ಕಳನ್ನು ಕಾಪಾಡಿರಿ. ಅವರ ಕೈಯಿಂದ ಯಾರಿಗೂ ಕೇಡಾಗದಿರಲಿ. ತಪ್ಪಿದಾಗ ನಿಜವನ್ನು ಹೇಳುವ ಧೈರ್ಯವನ್ನು ಅವರಿಗೆ, ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮಗೆ ದಯಪಾಲಿಸಿರಿ. ಆಮೆನ್.